ಮನೆಯ ಗುಟ್ಟು ಕಾಯುವ ಬ್ರೌಸರನ್ನು ಆರಿಸುವುದು ಹೇಗೆ?



ಬೀಜವನ್ನು ಆರಿಸುವಾಗ ನಾವು ನಾಲ್ಕು ಕಡೆ ವಿಚಾರಿಸುತ್ತೇವೆ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡಿಗೆ ನೋಡುತ್ತೇವೆ. ಆದರೆ ದಿನಕ್ಕೆ ಹತ್ತು ಸಲ ಕೈಗೆತ್ತಿಕೊಳ್ಳುವ ಮೊಬೈಲಿನಲ್ಲಿ ಇರುವ ಒಂದು ಮುಖ್ಯ ಸಾಧನವನ್ನು ಯಾರೂ ಆರಿಸುವುದಿಲ್ಲ. ಅಂಗಡಿಯಿಂದ ಬಂದಾಗ ಏನಿತ್ತೋ ಅದನ್ನೇ ಬಳಸುತ್ತೇವೆ. ಆ ಸಾಧನದ ಹೆಸರು ಬ್ರೌಸರ್. ಈ ಪಾಠ ಅದನ್ನು ಕುರಿತದ್ದು.

ನನ್ನ ವಲಯದ ಒಂದು ಹಳ್ಳಿಯಲ್ಲಿ ಹಿರಿಯ ರೈತರೊಬ್ಬರಿದ್ದಾರೆ. ಅವರ ಕೊಳವೆ ಬಾವಿ ಬತ್ತಿತು. ಹೊಸದನ್ನು ಕೊರೆಸಲು ಹಣ ಬೇಕಾಗಿತ್ತು. ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದುದರಿಂದ ಈ ತಾಪತ್ರಯವನ್ನು ಅವರು ಯಾರಿಗೂ ಹೇಳಿರಲಿಲ್ಲ, ಮನೆಯಾಕೆಗೂ ಹೇಳಿರಲಿಲ್ಲ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ‘ಜಮೀನಿನ ಮೇಲೆ ತುರ್ತು ಸಾಲ’ ಎಂದು ಹುಡುಕಿ ನಾಲ್ಕಾರು ಪುಟಗಳನ್ನು ತೆರೆದು ನೋಡಿದರು. ಒಂದು ಪುಟದಲ್ಲಿ ತಮ್ಮ ಫೋನ್ ನಂಬರನ್ನೂ ಬರೆದರು. ಮರುದಿನದಿಂದ ಆ ಮೊಬೈಲಿನಲ್ಲಿ ಮಳೆಯ ಸುದ್ದಿ ನೋಡಿದರೂ ಸಾಲದ ಜಾಹೀರಾತು, ಅಡಿಕೆ ಧಾರಣೆ ನೋಡಿದರೂ ಸಾಲದ ಜಾಹೀರಾತು. ಜೊತೆಗೆ ಗುರುತಿಲ್ಲದವರ ಕರೆಗಳು. ಗಂಡಿನ ಕಡೆಯವರು ಬಂದು ಕುಳಿತಿದ್ದ ದಿನ, ಭಾವಿ ಬೀಗರು ಧಾರಣೆ ನೋಡಲೆಂದು ಅದೇ ಮೊಬೈಲನ್ನು ಕೈಗೆ ತೆಗೆದುಕೊಂಡರು. ಪುಟದ ನೆತ್ತಿಯ ಮೇಲೆ ‘ಜಮೀನು ಅಡವಿಟ್ಟು ಇಂದೇ ಹಣ ಪಡೆಯಿರಿ’ ಎಂದಿತ್ತು. ಬೀಗರು ಏನೂ ಹೇಳಲಿಲ್ಲ. ಮೊಬೈಲನ್ನು ಮಗುಚಿ ಇಟ್ಟರು.

ಮುಂದಿನ ವಾರ ಕಣದ ಹತ್ತಿರ ನನ್ನನ್ನು ಕಂಡಾಗ ಆ ಹಿರಿಯರು ಕೇಳಿದ್ದು ಇಷ್ಟೇ: “ಸ್ವಾಮಿ, ನಾನು ಯಾರಿಗೂ ಹೇಳಿರಲಿಲ್ಲ. ಇದಕ್ಕೆ ಹೆಂಗೆ ಗೊತ್ತಾಯ್ತು? ಇನ್ನೂ ಯಾರ್ಯಾರಿಗೆ ಹೇಳೈತೆ ಇದು?”

ಅವರ ಒಪ್ಪಿಗೆಯಿಂದಲೇ ಇದನ್ನು ಬರೆದಿದ್ದೇನೆ. ಅವರ ಎರಡು ಪ್ರಶ್ನೆಗಳಿಗೆ ಉತ್ತರವೇ ಈ ಪಾಠ.

ಬ್ರೌಸರ್ ಎಂದರೇನು?

ಪಹಣಿ ನೋಡುವ ಭೂಮಿ ಜಾಲತಾಣ, ಪಿಎಂ ಕಿಸಾನ್ ಕಂತಿನ ಜಾಲತಾಣ, ಪತ್ರಿಕೆಗಳ ಜಾಲತಾಣ ಇವೆಲ್ಲ ದೂರದ ಕಂಪ್ಯೂಟರುಗಳಲ್ಲಿ ಇರುತ್ತವೆ. ನಿಮ್ಮ ಪರವಾಗಿ ಅಲ್ಲಿಗೆ ಹೋಗಿ, ನೀವು ಕೇಳಿದ ಪುಟವನ್ನು ತಂದು ತೋರಿಸುವ ಆಳು ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಬ್ರೇವ್ ಇವು ಬ್ರೌಸರುಗಳ ಹೆಸರುಗಳು. ಮನೆಯ ಆಳು ಸಂತೆಗೆ ಹೋಗಿ ಸಾಮಾನು ತರುವಾಗ, ಯಾವ ಅಂಗಡಿಗೆ ಹೋದ, ಏನು ಕೊಂಡ ಎಂಬುದೆಲ್ಲ ಅವನಿಗೆ ಗೊತ್ತಿರುತ್ತದೆ. ಬ್ರೌಸರಿಗೂ ಹಾಗೆಯೇ. ಆದಕಾರಣ ಆಳು ಬಾಯಿ ಬಿಗಿಯುಳ್ಳವನೇ ಎಂದು ನೋಡುವುದು ಮುಖ್ಯ.

ಜಾಡು ಹಿಡಿಯುವುದು ಹೇಗೆ?

ಕುರಿ ಸಾಕುವವರು ತಮ್ಮ ಕುರಿಗಳ ಮೈಮೇಲೆ ಬಣ್ಣದ ಗುರುತು ಹಾಕುತ್ತಾರಷ್ಟೆ. ಜಾಲತಾಣಗಳೂ ನಿಮ್ಮ ಬ್ರೌಸರಿನಲ್ಲಿ ಒಂದು ಚಿಕ್ಕ ಗುರುತನ್ನು ಇಡುತ್ತವೆ. ಇದಕ್ಕೆ ಕುಕಿ ಎಂದು ಹೆಸರು. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಎಂಬ ಎಂಜಿನಿಯರು ಇದನ್ನು ರೂಪಿಸಿದರು. ಒಮ್ಮೆ ಬಂದವರನ್ನು ಜಾಲತಾಣ ಮತ್ತೆ ಗುರುತು ಹಿಡಿಯಲಿ ಎಂಬುದೇ ಉದ್ದೇಶ. ಅದರಲ್ಲಿ ತಪ್ಪಿಲ್ಲ.

ತೊಂದರೆ ಬರುವುದು ಮೂರನೆಯವರಿಂದ. ನೀವು ತೆರೆದ ಪುಟದೊಳಗೆ ಜಾಹೀರಾತು ಕಂಪನಿಯೂ ಬಂದು ಕುಳಿತಿರುತ್ತದೆ. ಅದೂ ನಿಮ್ಮ ಬ್ರೌಸರಿನ ಮೇಲೆ ತನ್ನ ಗುರುತು ಹಾಕುತ್ತದೆ. ಅದೇ ಕಂಪನಿ ಸಾಲದ ಪುಟದಲ್ಲೂ ಇದ್ದು, ಮಳೆ ಸುದ್ದಿಯ ಪುಟದಲ್ಲೂ ಇದ್ದರೆ, ‘ನಿನ್ನೆ ಸಾಲ ಕೇಳಿದ ಮೊಬೈಲು ಇದೇ’ ಎಂದು ಗುರುತು ಹಿಡಿಯುತ್ತದೆ. ನಮ್ಮ ಹಿರಿಯರಿಗೆ ಆದದ್ದು ಇದೇ. ಕೆಲವರು ಕುಕಿಯಿಲ್ಲದೆಯೂ ಜಾಡು ಹಿಡಿಯುತ್ತಾರೆ. ಕೊಂಬು, ಬಣ್ಣ, ನಡಿಗೆ ನೋಡಿ ದೂರದಿಂದಲೇ ಇಂಥವರ ಎತ್ತು ಎಂದು ನಾವು ಹೇಳುವಂತೆ, ಮೊಬೈಲಿನ ಮಾದರಿ, ಪರದೆಯ ಅಳತೆ, ಭಾಷೆ ಮುಂತಾದವನ್ನು ಕೂಡಿಸಿ ಗುರುತಿಸುತ್ತಾರೆ.

‘ನನ್ನಲ್ಲಿ ಬಚ್ಚಿಡುವಂಥದ್ದು ಏನಿದೆ?’ ಎಂದು ಕೆಲವರು ಕೇಳುತ್ತಾರೆ. ಮಂಡಿಯನ್ನು ನೆನಪಿಗೆ ತಂದುಕೊಳ್ಳಿ. ಇವರಿಗೆ ಇವತ್ತೇ ಹಣ ಬೇಕು ಎಂದು ಖರೀದಿದಾರನಿಗೆ ಗೊತ್ತಾದರೆ ಅವನು ಯಾವ ಬೆಲೆ ಕೂಗುತ್ತಾನೆ? ನಮ್ಮ ಗರಜು ಇನ್ನೊಬ್ಬರಿಗೆ ತಿಳಿದಷ್ಟೂ ನಮ್ಮ ಕೈ ಕೆಳಗಾಗುತ್ತದೆ. ಸಾಲ, ಕಾಯಿಲೆ, ಜಮೀನಿನ ತಗಾದೆ, ಹೆಣ್ಣುಮಕ್ಕಳ ಆರೋಗ್ಯ ಇವು ಬಚ್ಚಿಡಬೇಕಾದ ಅಪರಾಧಗಳಲ್ಲ. ಆದರೆ ಬೀದಿಗೆ ಹಾಕಬೇಕಾದ ವಿಷಯಗಳೂ ಅಲ್ಲ. ಒಂದೇ ಮೊಬೈಲನ್ನು ಮನೆಮಂದಿಯೆಲ್ಲ ಬಳಸುವ ಕಡೆ ಇದು ಇನ್ನೂ ಮುಖ್ಯ.

ಆರಿಸುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳು

1. ಇದನ್ನು ಮಾಡಿದವರಿಗೆ ಅನ್ನ ಎಲ್ಲಿಂದ? ಬ್ರೌಸರುಗಳಿಗೆ ನಾವು ದುಡ್ಡು ಕೊಡುವುದಿಲ್ಲ. ಆದರೂ ಅವನ್ನು ಮಾಡಲು ಸಾವಿರಾರು ಜನರ ದುಡಿಮೆ ಬೇಕು. ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ನಮ್ಮ ಜಾಡೇ ಅವರ ಬೆಳೆಯಾಗಿದ್ದರೆ ಎಚ್ಚರ.

2. ಜಾಡು ತಡೆಯುವ ಏರ್ಪಾಟು ಮೊದಲಿನಿಂದಲೇ ಚಾಲೂ ಇದೆಯೇ, ಇಲ್ಲವೇ ನಾವೇ ಹುಡುಕಿ ಹಾಕಬೇಕೇ?

3. ಒಳಗಿನ ಬರವಣಿಗೆ ಬಹಿರಂಗವೇ? ಸಹಕಾರ ಸಂಘದ ಲೆಕ್ಕಪುಸ್ತಕವನ್ನು ಸದಸ್ಯರು ನೋಡಬಹುದಾದಂತೆ, ಕೆಲವು ಬ್ರೌಸರುಗಳ ಒಳಗಿನ ಬರವಣಿಗೆಯನ್ನು ಬಲ್ಲವರು ಯಾರಾದರೂ ಓದಿ ಪರೀಕ್ಷಿಸಬಹುದು.

4. ದುರಸ್ತಿಗಳು ಆಗಾಗ ಬರುತ್ತಿವೆಯೇ? ಕಳ್ಳಗಿಂಡಿ ಕಂಡ ಕೂಡಲೇ ಮುಚ್ಚುವವರ ಬ್ರೌಸರೇ ಒಳ್ಳೆಯದು.

ಬರೀ ವೇಗ ನೋಡಿ ಆರಿಸತಕ್ಕದ್ದಲ್ಲ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಯುಸಿ ಬ್ರೌಸರ್ ಬಹಳ ಬಳಕೆಯಲ್ಲಿತ್ತು. ನಿಧಾನದ ನೆಟ್‌ವರ್ಕಿನಲ್ಲೂ ಬೇಗ ತೆರೆಯುತ್ತದೆ ಎಂಬುದೇ ಅದರ ಆಕರ್ಷಣೆ. 2015ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಅದನ್ನು ಪರೀಕ್ಷಿಸಿ, ಬಳಕೆದಾರರು ಹುಡುಕಿದ ಮಾತುಗಳು ಮುಚ್ಚುಮರೆಯಿಲ್ಲದೆ ಹೊರಗೆ ಹೋಗುತ್ತಿವೆ ಎಂದು ವರದಿ ಮಾಡಿತು. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು.

ಕೆಲವು ಬ್ರೌಸರುಗಳ ಗುಣದೋಷಗಳು

ಕ್ರೋಮ್: ಗೂಗಲ್ ಕಂಪನಿಯದು. ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ಕಳ್ಳರ ವಿರುದ್ಧ ಗಟ್ಟಿಯಾದ ಬಾಗಿಲು. ದುರಸ್ತಿಗಳೂ ಬೇಗ ಬರುತ್ತವೆ. ಆದರೆ ಗೂಗಲ್ಲಿನ ಮುಖ್ಯ ಆದಾಯ ಜಾಹೀರಾತಿನಿಂದ. ಮೂರನೆಯವರ ಕುಕಿಯನ್ನು ತೆಗೆದುಹಾಕುತ್ತೇವೆಂದು 2020ರಲ್ಲಿ ಹೇಳಿದ್ದ ಗೂಗಲ್ 2024ರಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು.

ಫೈರ್‌ಫಾಕ್ಸ್: ಮೊಜಿಲ್ಲಾ ಎಂಬ ಲಾಭರಹಿತ ಪ್ರತಿಷ್ಠಾನದ ಅಧೀನದಲ್ಲಿದೆ. ಒಳಗಿನ ಬರವಣಿಗೆ ಬಹಿರಂಗ. ಜಾಡು ತಡೆ ತಾನಾಗಿಯೇ ಚಾಲೂ ಇರುತ್ತದೆ. ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಸೇರ್ಪಡೆಯನ್ನು ಆಂಡ್ರಾಯ್ಡ್ ಫೋನಿನಲ್ಲೂ ಹಾಕಿಕೊಳ್ಳಬಹುದು. ದೋಷವೆಂದರೆ, ಇವರ ಆದಾಯದ ಬಹುಭಾಗ ಬರುವುದು ಹುಡುಕಾಟವನ್ನು ಗೂಗಲ್ಲಿಗೆ ಒಪ್ಪಿಸಿದ ಒಪ್ಪಂದದಿಂದ. ಹುಡುಕುವ ಯಂತ್ರವನ್ನು ಬದಲಾಯಿಸಿಕೊಳ್ಳುವ ಕೆಲಸ ನಮ್ಮದು.

ಬ್ರೇವ್: ಜಾವಾಸ್ಕ್ರಿಪ್ಟ್ ಎಂಬ ಗಣಕ ಭಾಷೆಯನ್ನು ರೂಪಿಸಿದ ಬ್ರೆಂಡನ್ ಐಕ್ ಮತ್ತು ಅವರ ಜೊತೆಗಾರರು 2015ರಲ್ಲಿ ಈ ಕಂಪನಿ ಕಟ್ಟಿದರು. ಜಾಹೀರಾತನ್ನೂ ಜಾಡುಗಾರರನ್ನೂ ಹಾಕಿದ ದಿನದಿಂದಲೇ ತಡೆಯುತ್ತದೆ. ತನ್ನದೇ ಜಾಹೀರಾತು ಯೋಜನೆಯನ್ನೂ ನಡೆಸುತ್ತದೆ. ಸೇರುವುದು ಬಿಡುವುದು ನಮ್ಮ ಇಷ್ಟ. ಕೆಲವು ವಿಳಾಸಗಳನ್ನು ಬರೆಯುವಾಗ ತನಗೆ ಕಮಿಷನ್ ಬರುವ ಕೊಂಡಿಯನ್ನು ಸೇರಿಸುತ್ತಿದ್ದುದು 2020ರಲ್ಲಿ ಬಯಲಾಯಿತು. ಕಂಪನಿ ತಪ್ಪೊಪ್ಪಿಕೊಂಡು ಸರಿಪಡಿಸಿತು.

ಡಕ್‌ಡಕ್‌ಗೋ: ಹೊಸಬರಿಗೆ ಬಲು ಸರಳ. ಬೆಂಕಿಯ ಗುರುತು ಒತ್ತಿದರೆ ಅಂದಿನ ಓಡಾಟದ ಗುರುತುಗಳೆಲ್ಲ ಅಳಿಯುತ್ತವೆ. ಮೈಕ್ರೋಸಾಫ್ಟಿನ ಕೆಲವು ಜಾಡುಗಾರರನ್ನು ಒಪ್ಪಂದದ ದೆಸೆಯಿಂದ ಬಿಟ್ಟುಕೊಟ್ಟಿದ್ದುದು 2022ರಲ್ಲಿ ತಿಳಿದು ಟೀಕೆಯಾಯಿತು. ಅದೇ ವರ್ಷ ಅವರನ್ನೂ ತಡೆಯಲು ಆರಂಭಿಸಿದರು.

ಟಾರ್: ಗುಟ್ಟು ಕಾಯುವುದರಲ್ಲಿ ಇವೆಲ್ಲಕ್ಕಿಂತ ಮುಂದು. ಆದರೆ ಪುಟಗಳು ನಿಧಾನವಾಗಿ ಬರುತ್ತವೆ, ಕೆಲವು ಜಾಲತಾಣಗಳು ಒಳಗೇ ಬಿಡುವುದಿಲ್ಲ. ನಿತ್ಯದ ಕೆಲಸಕ್ಕೆ ಒಗ್ಗದು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಇದರಿಂದ ತಿಳಿಯಬೇಕು. ದೋಷವೇ ಇಲ್ಲದ ತಳಿಯಿಲ್ಲ. ನಮ್ಮ ಹೊಲಕ್ಕೆ ಒಗ್ಗುವುದನ್ನು ಆರಿಸಬೇಕು. ನನ್ನ ಸಲಹೆ ಇಷ್ಟು: ನಿತ್ಯದ ಬಳಕೆಗೆ ಫೈರ್‌ಫಾಕ್ಸ್ ಅಥವಾ ಬ್ರೇವ್, ಸೆಟ್ಟಿಂಗಿನ ಗೊಡವೆ ಬೇಡವೆನ್ನುವವರಿಗೆ ಡಕ್‌ಡಕ್‌ಗೋ.

ಹಾಕಿಕೊಳ್ಳುವ ಕ್ರಮ

1. ಪ್ಲೇ ಸ್ಟೋರಿನಿಂದಲೇ ಇಳಿಸಿಕೊಳ್ಳಿ. ಹೆಸರಿನ ಕೆಳಗೆ ಮಾಡಿದವರ ಹೆಸರನ್ನು ಓದಿ: ಫೈರ್‌ಫಾಕ್ಸ್ ಆದರೆ ಮೊಜಿಲ್ಲಾ, ಬ್ರೇವ್ ಆದರೆ ಬ್ರೇವ್ ಸಾಫ್ಟ್‌ವೇರ್. ವಾಟ್ಸಾಪಿನಲ್ಲಿ ಬಂದ ಎಪಿಕೆ ಕಡತವನ್ನು, ಅದು ಪಿಎಂ ಕಿಸಾನ್ ಹೆಸರಿನಲ್ಲಿ ಬಂದರೂ ಸಹ, ತೆರೆಯತಕ್ಕದ್ದಲ್ಲ.

2. ಫೋನಿನ ಸೆಟ್ಟಿಂಗ್ಸ್, ಆ್ಯಪ್‌ಗಳು, ಡೀಫಾಲ್ಟ್ ಆ್ಯಪ್‌ಗಳು ಎಂಬಲ್ಲಿಗೆ ಹೋಗಿ ಹೊಸದನ್ನೇ ಮುಖ್ಯ ಬ್ರೌಸರ್ ಎಂದು ಗೊತ್ತುಮಾಡಿ. ಇಲ್ಲವಾದರೆ ಕೊಂಡಿ ಒತ್ತಿದಾಗಲೆಲ್ಲ ಹಳೆಯದೇ ತೆರೆಯುತ್ತದೆ.

3. ಹುಡುಕುವ ಯಂತ್ರವನ್ನೂ ಗಮನಿಸಿ. ಆಳನ್ನು ಬದಲಾಯಿಸಿ, ಕೇಳುವುದನ್ನೆಲ್ಲ ಹಳೆಯ ಜಾಗದಲ್ಲೇ ಕೇಳಿದರೆ ಗುಟ್ಟು ಉಳಿಯದು.

4. ‘ಸೂಚನೆ ಕಳುಹಿಸಲು ಅನುಮತಿಸುವಿರಾ?’, ‘ನೀವಿರುವ ಸ್ಥಳ ತಿಳಿಯಬಹುದೇ?’ ಎಂದು ಪುಟಗಳು ಕೇಳಿದಾಗ, ಅಗತ್ಯವಿಲ್ಲದಿದ್ದರೆ ಬೇಡವೆಂದು ಒತ್ತಿ.

5. ಹೊಸ ತಳಿಯನ್ನು ಮೊದಲು ಒಂದೆರಡು ಗುಂಟೆಯಲ್ಲಿ ಬಿತ್ತಿ ನೋಡುವಂತೆ, ಹದಿನೈದು ದಿನ ಬಳಸಿ ನೋಡಿ. ಹಳೆಯದನ್ನು ಕೂಡಲೇ ತೆಗೆಯಬೇಡಿ. ಯಾವುದಾದರೂ ಜಾಲತಾಣ ಹೊಸದರಲ್ಲಿ ಸರಿಯಾಗಿ ತೆರೆಯದಿದ್ದರೆ ಆ ಕೆಲಸಕ್ಕೆ ಮಾತ್ರ ಹಳೆಯದನ್ನು ಬಳಸಬಹುದು. ಜಾಹೀರಾತುಗಳು ಬರದಿರುವುದರಿಂದ ಡೇಟಾ ಉಳಿತಾಯವಾಗುವುದನ್ನೂ ನೀವೇ ಕಾಣುವಿರಿ.

ಕ್ರೋಮನ್ನೇ ಇಟ್ಟುಕೊಳ್ಳುವವರು ಅದರ ಸೆಟ್ಟಿಂಗಿನಲ್ಲಿ ಮೂರನೆಯವರ ಕುಕಿಯನ್ನು ತಡೆಯುವ ಆಯ್ಕೆಯನ್ನಾದರೂ ಹಾಕಿಕೊಳ್ಳಬೇಕು.

ಬ್ರೌಸರ್ ಮಾಡಲಾರದ ಕೆಲಸಗಳು

ಇನ್‌ಕಾಗ್ನಿಟೊ ಎಂಬ ಕಪ್ಪು ಪುಟದಲ್ಲಿ ತೆರೆದರೆ ಎಲ್ಲವೂ ಗುಟ್ಟು ಎಂದು ಬಹಳ ಜನ ನಂಬಿದ್ದಾರೆ. ಅದು ನಿಮ್ಮ ಫೋನಿನ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ, ಅಷ್ಟೆ. ಒಂದೇ ಫೋನು ಬಳಸುವ ಮನೆಯಲ್ಲಿ ಅದರಿಂದ ಉಪಯೋಗವುಂಟು. ಆದರೆ ಜಾಲತಾಣಕ್ಕೂ ನೆಟ್‌ವರ್ಕ್ ಕಂಪನಿಗೂ ನೀವು ಕಾಣುತ್ತೀರಿ. ಈ ವಿಷಯವಾಗಿ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ದಾವೆ ಹೂಡಲಾಯಿತು. 2024ರ ರಾಜಿಯಲ್ಲಿ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು.

ನೀವೇ ಬರೆದುಕೊಟ್ಟದ್ದನ್ನು ಯಾವ ಬ್ರೌಸರೂ ಕಾಯಲಾರದು. ನಮ್ಮ ಹಿರಿಯರಿಗೆ ಬಂದ ಜಾಹೀರಾತುಗಳನ್ನು ಒಳ್ಳೆಯ ಬ್ರೌಸರ್ ಬಹುಮಟ್ಟಿಗೆ ತಡೆಯುತ್ತಿತ್ತು. ಆದರೆ ಆ ಕರೆಗಳನ್ನು ತಡೆಯುತ್ತಿರಲಿಲ್ಲ. ನಂಬರನ್ನು ಬರೆದವರು ಅವರೇ. ಹಾಗೆಯೇ ವಾಟ್ಸಾಪ್, ಫೇಸ್‌ಬುಕ್ ಮುಂತಾದ ಆ್ಯಪ್‌ಗಳೊಳಗೆ ನಡೆಯುವುದಕ್ಕೆ ಬ್ರೌಸರ್ ಕಾವಲಲ್ಲ. ಬೀಗದ ಗುರುತು ಕಂಡರೆ ದಾರಿ ಭದ್ರವೆಂದು ಅರ್ಥ, ಎದುರಿಗಿರುವವನು ಸಭ್ಯನೆಂದು ಅರ್ಥವಲ್ಲ. ಕೇಂದ್ರ, ರಾಜ್ಯ ಸರ್ಕಾರಗಳ ಸೇವೆಯೆಂದು ಹೇಳಿಕೊಳ್ಳುವ ಪುಟದ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆಯೇ ನೋಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಫಲವಿಲ್ಲ.

ಗುಟ್ಟು ಕಾದುಕೊಳ್ಳುವುದು ಪಟ್ಟಣದವರ ಷೋಕಿಯಲ್ಲ, ಅದು ನಮ್ಮ ಹಕ್ಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಹಕ್ಕು ಕಾಗದದಲ್ಲಿದೆ, ಬೇಲಿಯನ್ನು ನಾವೇ ಹಾಕಿಕೊಳ್ಳಬೇಕು.

ಆ ಹಿರಿಯರ ಮೊಬೈಲಿಗೆ ನಾವಿಬ್ಬರೂ ಕೂತು ಹೊಸ ಬ್ರೌಸರ್ ಹಾಕಿದೆವು. ಅದಕ್ಕೆ ಮೊದಲೇ ಅವರು ಮನೆಯಾಕೆಗೆ ಎಲ್ಲವನ್ನೂ ಹೇಳಿ, ಸಾಲಕ್ಕೆ ಸಹಕಾರ ಸಂಘದಲ್ಲಿ ಅರ್ಜಿ ಕೊಟ್ಟಿದ್ದರು. “ಹೇಳೋದನ್ನ ನಾನೇ ಹೇಳಬೇಕಿತ್ತು ಸ್ವಾಮಿ, ಫೋನು ಹೇಳಬಾರದಿತ್ತು” ಎಂದರು. ಈ ಪಾಠದ ಸಾರವೂ ಅಷ್ಟೇ.

ಸಂಜೆ ಕಟ್ಟೆಯ ಮೇಲೆ ಕೂತಾಗ ಚರ್ಚಿಸಲು ಮೂರು ಪ್ರಶ್ನೆಗಳು:

1. ನಿಮ್ಮ ಮೊಬೈಲಿನಲ್ಲಿರುವ ಬ್ರೌಸರ್ ಯಾವುದು? ಅದನ್ನು ಆರಿಸಿದವರು ಯಾರು?
2. ಅದನ್ನು ಮಾಡಿದವರಿಗೆ ಹಣ ಎಲ್ಲಿಂದ ಬರುತ್ತದೆ?
3. ಈ ತಿಂಗಳು ಎಷ್ಟು ಪುಟಗಳಲ್ಲಿ ನಿಮ್ಮ ಫೋನ್ ನಂಬರ್ ಬರೆದಿದ್ದೀರಿ?

ಬ್ರೌಸರ್ ಬದಲಾಯಿಸಲು ನೆರವು ಬೇಕಾದವರು ನಾನು ಹಳ್ಳಿಗೆ ಬಂದ ದಿನ ಮೊಬೈಲು ತರಬಹುದು. ನಿಮ್ಮ ಎದುರಿಗೇ, ನಿಮ್ಮ ಕೈಯಿಂದಲೇ ಮಾಡಿಸಿ ತೋರಿಸುತ್ತೇನೆ.

— ನಿಮ್ಮ ಗ್ರಾಮಸೇವಕ