ರಕ್ಷಕ ಕಣಗಳಿಗೆ ಸಂದೇಶ ಮುಟ್ಟದಿದ್ದರೆ

ಶರೀರವನ್ನು ಕಾಯುವ ಬಿಳಿಯ ರಕ್ತಕಣಗಳು ಹುಟ್ಟುವಾಗಲೇ ಯೋಧರಾಗಿ ಹುಟ್ಟುವುದಿಲ್ಲ. ಅವುಗಳ ತವರು ಮೂಳೆಯೊಳಗಿನ ಮಜ್ಜೆ. ಅಲ್ಲಿನ ಮೂಲಕೋಶವು ಯಾವ ಬಗೆಯ ಕಣವಾಗಬೇಕು, ಎಷ್ಟು ವೃದ್ಧಿಯಾಗಬೇಕು ಎಂಬುದನ್ನು ಬಹುಮಟ್ಟಿಗೆ ಸುತ್ತಲಿನ ಕೋಶಗಳ ರಾಸಾಯನಿಕ ಸಂದೇಶಗಳೇ ನಿರ್ಧರಿಸುತ್ತವೆ. ಈ ಹಾದಿ ಒಂದೆಡೆ ಕಡಿದರೂ ಶಿಶುವಿನ ಪ್ರಾಣಕ್ಕೆ ಸಂಚಕಾರ. ಸೋದರಿಕೆಯ ಮದುವೆ ರೂಢಿಯಲ್ಲಿರುವ ಕನ್ನಡ ಕುಟುಂಬಗಳು, ಹೈದರಾಬಾದಿನಲ್ಲಿ ನೆಲೆಸಿದವರೂ ಸೇರಿದಂತೆ, ಈ ವಿಷಯವನ್ನು ಅರಿತಿರುವುದು ಅವಶ್ಯ.

ಸಂದೇಶದ ಹಾದಿ

ಲಿಂಫೋಸೈಟುಗಳೆಂಬ ಬಿಳಿಯ ಕಣಗಳಲ್ಲಿ ಮುಖ್ಯವಾದವು ಎರಡು ಬಗೆ. ‘ಬಿ’ ಕಣಗಳು ಮಜ್ಜೆಯಲ್ಲಿ ಬೆಳೆದು, ಮುಂದೆ ಪ್ರತಿಕಾಯಗಳನ್ನು ಒದಗಿಸುತ್ತವೆ. ‘ಟಿ’ ಕಣಗಳು ಎಳೆಯ ಸ್ಥಿತಿಯಲ್ಲೇ ಮಜ್ಜೆಯಿಂದ ಹೊರಟು, ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯನ್ನು ಸೇರಿ ಅಲ್ಲಿ ಪಳಗುತ್ತವೆ. ಸ್ವಂತ ಅಂಗಾಂಶಗಳ ಮೇಲೆಯೇ ಬೀಳಬಲ್ಲ ಕಣಗಳಲ್ಲಿ ಹೆಚ್ಚಿನವು ಅಲ್ಲಿಯೇ ನಾಶವಾಗುತ್ತವೆ.

ಎಳೆಯ ಟಿ ಕಣವನ್ನು ಬದುಕಿಸಿ ಬೆಳೆಸುವುದು ಇಂಟರ್‌ಲ್ಯೂಕಿನ್-7 ಎಂಬ ಪ್ರೋಟೀನು. ಇದು ಕಣದ ಹೊರಪೊರೆಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಂಡೊಡನೆ ಗ್ರಾಹಕದ ಒಳತುದಿಯಲ್ಲಿರುವ ಜ್ಯಾಕ್-3 ಎಂಬ ಕಿಣ್ವ ಚುರುಕುಗೊಳ್ಳುತ್ತದೆ. ಅದರಿಂದ ಪ್ರಚೋದಿತವಾದ ಸ್ಟ್ಯಾಟ್-5 ಎಂಬ ಇನ್ನೊಂದು ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು ವಂಶವಾಹಿಗಳನ್ನು ಎಚ್ಚರಿಸುತ್ತದೆ. ದೂರದೂರಿನ ಟಪಾಲು ಕೈಯಿಂದ ಕೈಗೆ ದಾಟಿ ಮನೆ ಮುಟ್ಟುವಂತೆಯೇ ಇದು.

ಕೊಂಡಿ ಕಳಚಿದಾಗ

ಪದೇ ಪದೇ ಸೋಂಕಿಗೆ ಗುರಿಯಾಗುತ್ತಿದ್ದ ಬಾಲಕನೊಬ್ಬನ ರಕ್ತದಲ್ಲಿ ಗ್ಯಾಮಾ ಗ್ಲಾಬ್ಯುಲಿನ್ ಇಲ್ಲದಿರುವುದನ್ನು 1952ರಲ್ಲಿ ಅಮೆರಿಕದ ವೈದ್ಯ ಆಗ್ಡನ್ ಬ್ರೂಟನ್ ವರದಿ ಮಾಡಿದರು. ಬಿ ಕಣಗಳ ಬೆಳವಣಿಗೆಗೆ ಬೇಕಾದ ಸಂದೇಶವಾಹಕ ಕಿಣ್ವವೊಂದರ ದೋಷವೇ ಈ ರೋಗಕ್ಕೆ ಕಾರಣವೆಂದು 1993ರಲ್ಲಿ ತಿಳಿದುಬಂದಿತು.

ಇದಕ್ಕಿಂತಲೂ ಭೀಕರವಾದುದು ಟಿ ಕಣಗಳೇ ಬೆಳೆಯದ ಸ್ಥಿತಿ. ಇಂಟರ್‌ಲ್ಯೂಕಿನ್ ಗ್ರಾಹಕದ ದೋಷದಿಂದ ಇದು ಬರುವುದೆಂದು 1993ರಲ್ಲಿ, ಜ್ಯಾಕ್-3ರ ದೋಷದಿಂದಲೂ ಬರುವುದೆಂದು 1995ರಲ್ಲಿ ಗೊತ್ತಾಯಿತು. ಹುಟ್ಟಿದಾಗ ಮಗು ಆರೋಗ್ಯವಾಗಿಯೇ ಕಾಣುತ್ತದೆ. ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಾಯೊಳಗೆ ಬಿಳಿಯ ಬೂಷ್ಟು, ನಿಲ್ಲದ ಭೇದಿ, ಮರಳಿ ಮರಳಿ ನ್ಯುಮೋನಿಯಾ ತೋರುತ್ತವೆ, ತೂಕ ಏರುವುದಿಲ್ಲ. ಹುಟ್ಟಿದೊಡನೆ ಹಾಕುವ ಬಿ.ಸಿ.ಜಿ. ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ಕ್ರಿಮಿಗಳಿರುವುದರಿಂದ, ಇಂತಹ ಮಗುವಿನಲ್ಲಿ ಅವು ಶರೀರವೆಲ್ಲ ಹರಡಬಹುದು.

ಕುಟುಂಬಗಳು ಗಮನಿಸಬೇಕಾದುದು

ಜ್ಯಾಕ್-3ರ ದೋಷ ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ. ಇಬ್ಬರೂ ದೋಷವಾಹಕರಾಗಿದ್ದಲ್ಲಿ ಪ್ರತಿಯೊಂದು ಬಸಿರಿನಲ್ಲೂ ನಾಲ್ಕರಲ್ಲೊಂದು ಸಂಭವ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ಮನೆಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು. ಹಾಗೆಂದು ಭೀತಿ ಬೇಡ. ಇಂತಹ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ.

ಆದರೆ ಮನೆತನದಲ್ಲಿ ಹಸುಳೆಯೊಂದು ಸೋಂಕಿನಿಂದ ತೀರಿಕೊಂಡಿದ್ದಲ್ಲಿ, ಅದನ್ನು ದೃಷ್ಟಿಯೆಂದೋ ಹಣೆಬರಹವೆಂದೋ ಮರೆಯದೆ, ಮುಂದಿನ ಮಗುವಿಗೆ ಬಿ.ಸಿ.ಜಿ. ಹಾಕಿಸುವ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಸಾಧಾರಣ ರಕ್ತಪರೀಕ್ಷೆಯೇ ಮೊದಲ ಸುಳಿವನ್ನು ನೀಡಬಲ್ಲುದು: ಹಸುಳೆಯ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಲಿಂಫೋಸೈಟುಗಳು 3000ಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ಪರೀಕ್ಷೆ ಅಗತ್ಯ. ಇತರ ಮಕ್ಕಳಿಗೆ ಲಸಿಕೆಯನ್ನು ಎಂದಿಗೂ ತಡಮಾಡಬಾರದು.

ರೋಗಕ್ಕೆ ಪರಿಹಾರವೂ ಉಂಟು. 1968ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಇಂತಹ ಶಿಶುವೊಂದಕ್ಕೆ ಅಸ್ಥಿಮಜ್ಜೆಯ ಕಸಿ ಯಶಸ್ವಿಯಾಯಿತು. ಸೋಂಕು ತಗಲುವ ಮೊದಲೇ, ಮೊದಲ ಮೂರು ನಾಲ್ಕು ತಿಂಗಳೊಳಗೆ ಕಸಿ ಮಾಡಿದರೆ ಫಲ ಅತ್ಯುತ್ತಮ. ಹೈದರಾಬಾದಿನಲ್ಲಿರುವವರು ಪಂಜಗುಟ್ಟದ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ವಂಶವಾಹಿ ವಿಭಾಗದಲ್ಲಿ ಸಲಹೆ ಪಡೆಯಬಹುದು. ಮನೆಯ ಹಿರಿಯರು ಹಿಂದಿನ ಶಿಶುಮರಣಗಳ ವಿವರವನ್ನು ಸಂಕೋಚವಿಲ್ಲದೆ ಹೇಳಿದರೆ, ಮುಂದಿನ ಕಂದನ ಜೀವ ಉಳಿದೀತು.