ಮೊದಲು ಮಕ್ಕಳು ನೋಡಲಿ

ಶಿಗ್ಗಾಂವಿ ತಾಲ್ಲೂಕು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಮಕ್ಕಳನ್ನು ಕರೆದೊಯ್ಯುವ ಮಾಸ್ತರರಿಗೆ, ಅಕ್ಕೋರಿಗೆ, ಅಲ್ಲಿ ವಿವರಿಸಿ ಹೇಳುವವರಿಗೂ ಒಂದು ಮಾತು. ಬಸ್ಸಿಳಿದ ಕೂಡಲೇ ಭಾಷಣ ಶುರು ಮಾಡಬೇಡಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ನಿಲ್ಲಿಸಿರುವುದು ಉತ್ತರ ಕರ್ನಾಟಕದ ಹಳ್ಳಿಯನ್ನೇ: ಆಳೆತ್ತರದ ಜನ, ದನಕರು, ಕೈಕಸುಬು. ಹಿರೇಕೆರೂರಿನ ರೈತನ ಮಗಳಿಗೆ ಇದರಲ್ಲಿ ಅರ್ಧ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ‘ಈತ ಏನು ಮಾಡುತ್ತಿದ್ದಾನೆ? ನಿನಗೆ ಹೇಗೆ ತಿಳಿಯಿತು?’ ಎಂದು ಕೇಳಿ ಸುಮ್ಮನಿರಿ. ಉತ್ತರ ತಡವಾಗಿ ಬರುತ್ತದೆ, ತಾಳಿಕೊಳ್ಳಿ. (ಸೆಲ್ಫಿ ಆಮೇಲೆ.)

ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲೂ ಅಷ್ಟೇ. ಚಾಲುಕ್ಯರ ಇತಿಹಾಸ ಕಾಯಲಿ. ಮೊದಲು ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಛಾವಣಿಯ ದೊಡ್ಡ ಕಲ್ಲಿನ ಕಮಲ ತೋರಿಸಿ. ಸುತ್ತುಗಳನ್ನು ಎಣಿಸಲಿ, ನೋಟ್‌ಬುಕ್ಕಿನಲ್ಲಿ ಬಿಡಿಸಲಿ. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ, ಬಿಡಿಸಿದವರು ಎರಡು ಸಲ ನೋಡಿರುತ್ತಾರೆ.

ಸವಣೂರಿನ ದೊಡ್ಡಹುಣಸೆ ಮರಗಳೂ ನನ್ನ ಮಟ್ಟಿಗೆ ವಸ್ತುಸಂಗ್ರಹಾಲಯವೇ. ಮಕ್ಕಳು ಕೈಕೈ ಹಿಡಿದು ಬುಡ ಅಳೆಯಲಿ; ಈ ಮರದ ತವರು ಆಫ್ರಿಕ ಎಂದು ಆಮೇಲೆ ಹೇಳಿ.

ಇನ್ನೊಂದು: ಇವೆಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ಈ ವರ್ಷ ಒಂದೇ ಜಾಗ ಆರಿಸಿ, ಅಲ್ಲೇ ಅರ್ಧ ದಿನ ಕಳೆಯಿರಿ.