ಉಡುಪು ಮೊದಲೋ, ಕಥೆ ಮೊದಲೋ

ಕಾರ್ತಿಕ, ಗೇಮ್ ಕಂಪನಿಯಲ್ಲಿ ಕ್ಯಾರೆಕ್ಟರ್ ಆರ್ಟಿಸ್ಟ್ ಆಗಿ ಸೇರಿದೆಯಂತೆ, ನಿನ್ನಮ್ಮ ಫೋನ್ ಮಾಡಿದ್ದಳು. ಸಂತೋಷವಾಯಿತು ಕಣೋ. ಇವತ್ತಲ್ಲ ನಾಳೆ ನಿನ್ನ ಮೇಜಿಗೆ ಒಬ್ಬಳು ಯೋಧೆ ಬಂದೇ ಬರುತ್ತಾಳೆ. ಅದಕ್ಕೂ ಮುಂಚೆ, ಬದುಕಿಡೀ ಮಕ್ಕಳ ಚಿತ್ರ ತಿದ್ದಿದ ಈ ದೊಡ್ಡಮ್ಮನ ಮಾತು ಸ್ವಲ್ಪ ಕೇಳಿಸಿಕೊ.

ಹೆಣ್ಣಿನ ಮೈ ಬರೆಯಲೇಬೇಡ ಅನ್ನುವವಳಲ್ಲ ನಾನು. ಬೇಲೂರಿನ ಮದನಿಕೆಯರ ಮುಂದೆ ಮಕ್ಕಳನ್ನು ಕೂರಿಸಿ ಸ್ಕೆಚ್ ಮಾಡಿಸಿದವಳು. ‘ಅವರೂ ಅರೆಬೆತ್ತಲೆಯೇ ಅಲ್ವಾ ದೊಡ್ಡಮ್ಮ’ ಎಂದು ವಾದಕ್ಕಿಳಿಯುತ್ತೀಯ, ಗೊತ್ತು. ಅವರನ್ನು ಕೆತ್ತಿದವರೂ ಗಂಡಸರೇ, ಒಪ್ಪಿದೆ. ಆದರೆ ದರ್ಪಣಸುಂದರಿ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದಾಳೆ, ತನ್ನ ಪಾಡಿಗೆ ತಾನಿದ್ದಾಳೆ. ಆ ವೇಷದಲ್ಲೇ ಬಂದೂಕು ಹಿಡಿದು ಮರಳುಗಾಡಿನಲ್ಲಿ ತೆವಳು ಎಂದು ಅವಳಿಗೆ ಯಾರೂ ಹೇಳಿಲ್ಲ.

ಗೇಮಿನಲ್ಲಿ ಹಾಗೆ ಹೇಳಿದ್ದಾರೆ. 2015ರ ‘ಮೆಟಲ್ ಗಿಯರ್ ಸಾಲಿಡ್ 5’ರಲ್ಲಿ ಕ್ವಯಟ್ ಎಂಬ ಸ್ನೈಪರ್ ಇದ್ದಾಳೆ. ಯುದ್ಧಭೂಮಿಯಲ್ಲಿ ಅವಳ ಮೈಮೇಲೆ ಬಿಕಿನಿ, ಹರಿದ ಕಾಲುಚೀಲ. ಯಾಕಪ್ಪಾ ಅಂದರೆ ಅವಳು ಚರ್ಮದಿಂದ ಉಸಿರಾಡುತ್ತಾಳಂತೆ, ಬಟ್ಟೆ ಹಾಕಿದರೆ ಉಸಿರು ಕಟ್ಟುತ್ತದಂತೆ! ಗೇಮ್ ಬರುವ ಮೊದಲೇ ಆಕ್ಷೇಪ ಎತ್ತಿದವರಿಗೆ ಅದರ ನಿರ್ದೇಶಕ ಹಿಡಿಯೊ ಕೊಜಿಮಾ ಕೊಟ್ಟ ಉತ್ತರ, ಗುಟ್ಟು ತಿಳಿದ ಮೇಲೆ ನಿಮ್ಮ ಮಾತಿಗೆ ನೀವೇ ನಾಚುತ್ತೀರಿ ಎಂಬರ್ಥದ್ದು. ಅದೇ ಸರಣಿಯ ಮೂರನೆಯ ಗೇಮಿನಲ್ಲಿ ‘ದಿ ಎಂಡ್’ ಎಂಬ, ನೂರು ದಾಟಿದ ಮುದುಕ ಸ್ನೈಪರ್ ಇದ್ದ. ಅವನು ಗಿಡದ ಹಾಗೆ ಬಿಸಿಲಿನಿಂದಲೇ ಶಕ್ತಿ ಪಡೆಯುವವನು. ಅವನಿಗೆ ಮಾತ್ರ ಮೈತುಂಬ ಬಟ್ಟೆ! ಕಾರಣ ಹುಡುಕಿಕೊಂಡು ಉಡುಪು ಬಂತೋ, ಉಡುಪಿಗೆ ಹೊಂದುವ ಕಾರಣವನ್ನು ಆಮೇಲೆ ಹೊಲಿದರೋ, ನೀನೇ ಹೇಳು.

1986ರ ‘ಮೆಟ್ರಾಯ್ಡ್’ನಲ್ಲಿ ನೆಪವೂ ಬೇಕಾಗಿರಲಿಲ್ಲ. ಕವಚದೊಳಗಿನ ವೀರ ಗಂಡಲ್ಲ, ಸಾಮಸ್ ಎಂಬ ಹೆಣ್ಣು ಎಂದು ಕೊನೆಗೆ ತಿಳಿಯುತ್ತದೆ. ಎಂಥಾ ಸೊಗಸಾದ ತಿರುವು! ಆದರೆ ಆಟ ಬೇಗ ಮುಗಿಸಿದಷ್ಟೂ ಅವಳ ಬಟ್ಟೆ ಕಡಿಮೆ. ಒಂದು ಗಂಟೆಯೊಳಗೆ ಮುಗಿಸಿದರೆ ಬಿಕಿನಿ. ಅಷ್ಟೂ ರಾಕ್ಷಸರನ್ನು ಹೊಡೆದವಳು ಅವಳು, ಬಹುಮಾನ ಆಡಿದ ಹುಡುಗನಿಗೆ.

ಮಾರ್ಕೆಟ್ ಕೇಳುತ್ತದೆ ಅಂತ ನಿನ್ನ ಲೀಡ್ ಹೇಳಬಹುದು. ಆದರೆ 1996ರ ಗೇಮ್ ನಾಯಕಿ ಲಾರಾ ಕ್ರಾಫ್ಟ್‌ಗೆ 2013ರಲ್ಲಿ ಉದ್ದ ಪ್ಯಾಂಟು ತೊಡಿಸಿ, ಮೈಗೆ ಗಾಯ, ಕೆಸರು ಮೆತ್ತಿ ಮತ್ತೆ ತಂದರು. ಇಡೀ ಟೂಂಬ್ ರೇಡರ್ ಸರಣಿಯಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಕೊನೆಗೆ ಅದೇ. ನಮ್ಮ ಪುಣೆಯವರು 2020ರಲ್ಲಿ ಮಾಡಿದ ‘ರಾಜಿ’ಯಲ್ಲಿ ತಮ್ಮನನ್ನು ಹುಡುಕಿಕೊಂಡು ಹೋಗುವ ಅಕ್ಕನೇ ನಾಯಕಿ. ಅದನ್ನೊಮ್ಮೆ ಆಡಿ ನೋಡು.

ಇನ್ನು ಕೈಕೆಲಸದ ಮಾತು. ಎದೆಯ ಆಕಾರಕ್ಕೇ ಬಟ್ಟಲು ಬಟ್ಟಲಾಗಿ ಉಬ್ಬಿಸಿದ ಕವಚ ಬರೆಯಬೇಡ. ಜಾರಿದ ಕತ್ತಿ ನಡುವಿನ ಕಣಿವೆಗೆ ಬಂದು ನೇರ ಎದೆಮೂಳೆಗೆ ಬಡಿಯುತ್ತದೆ. ಸೊಂಟ ಸಣ್ಣಗೆ ಮಾಡುವ ಮುಂಚೆ ಪಕ್ಕೆಲುಬು, ಕರುಳು ಎಲ್ಲಿ ಕೂರಬೇಕು ಅಂತ ಗುರುತು ಹಾಕಿಕೊ. ಎದೆ, ಪಿರ್ರೆ ಎರಡೂ ಒಟ್ಟಿಗೆ ನೋಡುವವನ ಕಡೆ ತಿರುಗಿದ್ದರೆ ಬೆನ್ನುಮೂಳೆ ಮುರಿದಿದೆ ಅಂತಲೇ ಅರ್ಥ. ಗುಂಡು ಇಟ್ಟುಕೊಳ್ಳಲು ಜೇಬು ಕೊಡು, ಓಡಲು ಬೂಟು ಕೊಡು.

ಸೇರಿದ ಹೊಸತರಲ್ಲೇ ಜಗಳಕ್ಕೆ ನಿಲ್ಲಬೇಡ, ಬಾಡಿಗೆ ಕಟ್ಟಬೇಕಲ್ಲ. ಅವರು ಕೇಳಿದ ಚಿತ್ರದ ಜೊತೆಗೆ, ಆ ಹೆಂಗಸು ಆ ಜಾಗದಲ್ಲಿ ನಿಜಕ್ಕೂ ಏನು ತೊಡುತ್ತಿದ್ದಳೋ ಅದನ್ನೂ ಬರೆದು ಪಕ್ಕದಲ್ಲಿಡು. ಎರಡನೆಯದಕ್ಕೇ ಹೆಚ್ಚು ಬೆವರು ಸುರಿಸು, ನೋಡಿದವರಿಗೆ ಅದೇ ಬೇಕು ಅನ್ನಿಸಬೇಕು. ಟೀಮಿನ ಹುಡುಗಿಯರಿಗೆ ತೋರಿಸು, ಆದರೆ ಮೀಟಿಂಗಿನಲ್ಲಿ ‘ನೀವೇ ಹೇಳಿ’ ಅಂತ ಅವರನ್ನು ಮುಂದೆ ತಳ್ಳಬೇಡ. ಗೇಮಿನ ಹೆಣ್ಣುಗಳ ಬಗ್ಗೆ ಇದೇ ಪ್ರಶ್ನೆ ಎತ್ತಿದ ವಿಮರ್ಶಕಿ ಅನಿತಾ ಸರ್ಕೀಸಿಯನ್ 2014ರಲ್ಲಿ ಅಮೆರಿಕದ ಯೂಟಾದಲ್ಲಿ ಮಾತಾಡಬೇಕಿತ್ತು; ಬಂದವರನ್ನೆಲ್ಲ ಕೊಲ್ಲುತ್ತೇವೆ ಎಂಬ ಬೆದರಿಕೆ ಬಂದು ಭಾಷಣವೇ ರದ್ದಾಯಿತು. ಅಷ್ಟು ಬೆಲೆ ನಿನ್ನಿಂದ ಯಾರೂ ಕೇಳುವುದಿಲ್ಲ. ಅದಕ್ಕೇ ಮಾತು ನೀನೇ ಎತ್ತು.